ಸುಟ್ಟ ಹುರಿಯ ವಾಸನೆ

ಮೇ 3ರ ಬೆಳಿಗ್ಗೆ ಜಪಾನಿನ ಹಮಮತ್ಸು ನಗರದ ದಕ್ಷಿಣಕ್ಕೆ, ಕಡಲಂಚಿನ ನಕತಾಜಿಮ ಮರಳುದಿಬ್ಬಗಳ ಕಡೆ ಹೋದವರಿಗೆ ಮೊದಲು ಕೇಳಿಸುವುದು ತುತ್ತೂರಿಯ ಸದ್ದು. ದಿಬ್ಬ ದಾಟಿದರೆ ಆಕಾಶದ ತುಂಬ ಚೌಕಾಕಾರದ ದೊಡ್ಡ ಗಾಳಿಪಟಗಳು. ಇನ್ನೂ ಸ್ವಲ್ಪ ಹೊತ್ತಿಗೆ ಮೂಗಿಗೆ ಒಂದು ವಾಸನೆ ಬಡಿಯುತ್ತದೆ, ನಾರು ಸುಟ್ಟ ವಾಸನೆ. ಸುತ್ತಮುತ್ತ ಎಲ್ಲೂ ಬೆಂಕಿಯಿಲ್ಲ. ಈ ವಾಸನೆ ಎಲ್ಲಿಂದ ಬಂತು ಎಂಬುದೇ ನನಗೆ ಈ ಹಬ್ಬದ ಅತ್ಯಂತ ಸೊಗಸಾದ ಪ್ರಶ್ನೆ.

ಹಮಮತ್ಸು ಎಂದರೆ ಸುಜುಕಿ ಕಂಪನಿಯ ಊರು. ಅಲ್ಲಿ ಪ್ರತಿವರ್ಷ ಮೇ 3ರಿಂದ 5ರವರೆಗೆ ಗಾಳಿಪಟದ ಹಬ್ಬ. ಸುಮಾರು 170 ಕೇರಿಗಳು ತಮ್ಮ ತಮ್ಮ ಲಾಂಛನ ಬರೆದ ಪಟಗಳನ್ನು ತರುತ್ತವೆ. ಮನೆಯಲ್ಲಿ ಚೊಚ್ಚಲ ಮಗು ಹುಟ್ಟಿದ್ದರೆ ಅದರ ಹೆಸರು ಬರೆದ ಪಟವೊಂದನ್ನು ಕೇರಿಯವರೆಲ್ಲ ಸೇರಿ ಏರಿಸುತ್ತಾರೆ. ಅದಕ್ಕೆ ‘ಹತ್ಸುದಾಕೊ’, ಅಂದರೆ ಮೊದಲ ಗಾಳಿಪಟ, ಎಂದು ಹೆಸರು. ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಕೋಟೆಯ ಒಡೆಯನಿಗೆ ಮಗ ಹುಟ್ಟಿದಾಗ ಪಟ ಹಾರಿಸಿದ್ದೇ ಇದರ ಮೂಲ ಎಂಬ ಐತಿಹ್ಯವಿದೆ.

ಒಂದು ಪಟಕ್ಕೆ ಕೇರಿಯೇ ಏಕೆ ಬೇಕು? ಬದಿಗೆ 3 ಮೀಟರಿನ ಚೌಕ ಪಟವೊಂದನ್ನು ಊಹಿಸಿಕೊಳ್ಳಿ. ಅದರ ವಿಸ್ತೀರ್ಣ 9 ಚದರ ಮೀಟರ್. ಗಂಟೆಗೆ 18 ಕಿ.ಮೀ. ವೇಗದ ಗಾಳಿ ಅದನ್ನು ಸುಮಾರು 14 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಸುಮಾರು 55 ಕಿಲೋ. ಹಮಮತ್ಸುವಿನ ಪಟಗಳಿಗಿಂತ ಬಹಳ ದೊಡ್ಡವೂ ಜಪಾನಿನಲ್ಲಿವೆ. ಸಗಮಿಹರ ನಗರದಲ್ಲಿ ಮೇ 4 ಮತ್ತು 5ರಂದು ಏರುವ ಪಟ ಬದಿಗೆ 14.5 ಮೀಟರ್, ತೂಕ ಸುಮಾರು 950 ಕಿಲೋ. ಅಷ್ಟು ಭಾರ ನೆಲ ಬಿಡಬೇಕಾದರೆ, ನಾನು ಲೆಕ್ಕ ಹಾಕಿದಂತೆ, ಗಂಟೆಗೆ ಸುಮಾರು 30 ಕಿ.ಮೀ. ಗಾಳಿಯಾದರೂ ಬೇಕು.

ಇಷ್ಟು ಎಳೆತವನ್ನು ತಡೆಯುವುದು ಬಿದಿರು ಮತ್ತು ಕಾಗದ. ಜಪಾನಿನ ಕೈಕಾಗದ ‘ವಾಶಿ’ಯನ್ನು ಹೆಚ್ಚಾಗಿ ಕೋಜೊ ಎಂಬ ಗಿಡದ ತೊಗಟೆಯ ನಾರಿನಿಂದ ಮಾಡುತ್ತಾರೆ. ಅದರ ಎಳೆಗಳು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ. ಮರದ ತಿರುಳಿನ ಮಾಮೂಲಿ ಕಾಗದದ ಎಳೆಗಳಿಗಿಂತ ಹಲವು ಪಟ್ಟು ಉದ್ದವಾಗಿ ಒಂದರೊಳಗೊಂದು ಹೆಣೆದುಕೊಳ್ಳುವುದರಿಂದ ಹಾಳೆ ಸುಲಭವಾಗಿ ಹರಿಯುವುದಿಲ್ಲ. ಇನ್ನು ಸೂತ್ರ ಮತ್ತು ಬಾಲಂಗೋಚಿಗಳ ಕೆಲಸ ಗಾಳಿಪಟ ಹಾರಿಸಿದ ಯಾವ ಹುಡುಗನಿಗೂ ಗೊತ್ತು. ಸೂತ್ರ ಪಟದ ಓರೆಯನ್ನು ನಿರ್ಧರಿಸುತ್ತದೆ, ಬಾಲಂಗೋಚಿ ಅದನ್ನು ಗಿರಕಿ ಹೊಡೆಯದಂತೆ ಹಿಡಿಯುತ್ತದೆ.

ಈಗ ವಾಸನೆಯ ವಿಷಯಕ್ಕೆ ಬರೋಣ. ಮಧ್ಯಾಹ್ನದ ಹೊತ್ತಿಗೆ ಕೇರಿ ಕೇರಿಗಳ ನಡುವೆ ಕಾಳಗ ಶುರುವಾಗುತ್ತದೆ. ಪಟದ ಹುರಿ ಸುಮಾರು 5 ಮಿಲಿಮೀಟರ್ ದಪ್ಪದ, ಸೆಣಬಿನ ಜಾತಿಯ ನಾರಿನದು. ಅದಕ್ಕೆ ಗಾಜಿನ ಪುಡಿಯಿಲ್ಲ, ಬ್ಲೇಡೂ ಇಲ್ಲ. ಎದುರಾಳಿಯ ಹುರಿಗೆ ತಮ್ಮದನ್ನು ಸಿಕ್ಕಿಸಿ, ‘ಓಯಿಶೊ, ಓಯಿಶೊ’ ಎಂದು ಕೂಗುತ್ತ ಎಳೆಯುತ್ತಾರೆ, ಸಡಿಲ ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ಕೊನೆಗೆ ಒಂದು ಹುರಿ ತುಂಡಾಗಿ ಪಟ ದಿಕ್ಕುತಪ್ಪಿ ಹಾರಿಹೋಗುತ್ತದೆ.

ಎರಡೂ ಹುರಿಗಳು ಒಂದೇ ಬಗೆಯವಾದರೆ ತುಂಡಾಗುವುದು ಯಾವುದು? ಉತ್ತರ ನಮ್ಮ ಬಾವಿಕಟ್ಟೆಯಲ್ಲೇ ಇದೆ. ತುಂಬಿದ ಕೊಡ ಕೈತಪ್ಪಿ ಹಗ್ಗ ಸರ್ರನೆ ಜಾರಿದರೆ ಅಂಗೈ ಸುಡುತ್ತದೆ, ಹಗ್ಗಕ್ಕೆ ಏನೂ ಆಗುವುದಿಲ್ಲ. ಉಜ್ಜಾಟದಲ್ಲಿ ಹುಟ್ಟಿದ ಶಾಖ ಹತ್ತಾರು ಅಡಿ ಹಗ್ಗದ ಮೇಲೆ ಹಂಚಿಹೋಗುತ್ತದೆ. ಅಂಗೈಯಲ್ಲಿ ಮಾತ್ರ ಅದು ಒಂದೇ ಜಾಗದಲ್ಲಿ ಸೇರುತ್ತ ಹೋಗುತ್ತದೆ. ಗಾಳಿಪಟದ ಹುರಿಗಳಲ್ಲೂ ಹೀಗೆಯೇ. ಓಡುವ ಹುರಿ ಕ್ಷಣಕ್ಷಣಕ್ಕೂ ತನ್ನ ಹೊಸ ಭಾಗವನ್ನು ಒಡ್ಡುತ್ತದೆ, ನಿಂತ ಹುರಿ ಒಂದೇ ಬಿಂದುವಿನಲ್ಲಿ ಬೇಯುತ್ತದೆ. ಗಿಡದ ನಾರು ನೈಲಾನಿನಂತೆ ಕರಗುವುದಿಲ್ಲ, ಕಾದು ಕರಿಕಾಗುತ್ತದೆ. ಕರಿಕಾದ ಎಳೆಗೆ ಬಲವಿರುವುದಿಲ್ಲ, ಉಳಿದ ಎಳೆಗಳ ಮೇಲೆ ಭಾರ ಹೆಚ್ಚುತ್ತದೆ, ಅವೂ ಒಂದೊಂದಾಗಿ ಹರಿಯುತ್ತವೆ. ಬಯಲಿನಲ್ಲಿ ಮೂಗಿಗೆ ಬಡಿದದ್ದು ಈ ಎಳೆಗಳು ಕರಿಕಾಗುವ ವಾಸನೆ. ಹುರಿಯನ್ನು ನಿಲ್ಲಗೊಡದ ಕೇರಿಗೆ ಗೆಲುವು ಹತ್ತಿರ, ತೋಳ್ಬಲ ಎಷ್ಟೇ ಇದ್ದರೂ ಹುರಿಯನ್ನು ಬಿಗಿಹಿಡಿದು ನಿಂತವರಿಗೆ ಸೋಲು ಹತ್ತಿರ.

ನಮ್ಮ ಮಾಂಜಾ ಕೊಯ್ಯುವ ರೀತಿ ಬೇರೆ. ಅಲ್ಲಿ ಗಾಜಿನ ಚೂಪು ತುದಿಗಳು ಗರಗಸದಂತೆ ಎಳೆಯನ್ನು ಸೀಳುತ್ತವೆ, ಹಕ್ಕಿಯ ರೆಕ್ಕೆಯನ್ನೂ ಬೈಕ್ ಸವಾರನ ಕತ್ತನ್ನೂ ಹಾಗೆಯೇ ಸೀಳುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನೈಲಾನ್ ದಾರವನ್ನೂ ಗಾಜಿನ ಲೇಪದ ಮಾಂಜಾವನ್ನೂ ದೇಶದಾದ್ಯಂತ ನಿಷೇಧಿಸಿತು. ಆಷಾಢದ ಗಾಳಿ ಎದ್ದಾಗ ಮಕ್ಕಳ ಕೈಗೆ ಬರಿಯ ಹತ್ತಿಯ ದಾರ ಕೊಡಿ. ಓಡುವ ದಾರ ನಿಂತ ದಾರವನ್ನು ಸುಡುತ್ತದೆ ಎಂಬ ಗುಟ್ಟನ್ನೂ ಅದರ ಜೊತೆಗೆ ಹೇಳಿಕೊಡಿ.