ಮಗುವಿಗೆ ಜೀರ್ಣವಾಗದ ತಾಯಿಹಾಲಿನ ಸಕ್ಕರೆ ಯಾರಿಗಾಗಿ?

ತಾಯಿಯ ಹಾಲು ಸಿಹಿಯಾಗಿರುತ್ತದೆ. ಆ ಸಿಹಿ ಬರುವುದು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಿಂದ. ಒಂದು ಲೀಟರ್ ಎದೆಹಾಲಿನಲ್ಲಿ ಅದು ಸುಮಾರು 70 ಗ್ರಾಂ ಇರುತ್ತದೆ. ಮಗುವಿನ ಸಣ್ಣ ಕರುಳು ಅದನ್ನು ಒಡೆದು ಹೀರಿಕೊಳ್ಳುತ್ತದೆ, ಮಗುವಿಗೆ ಶಕ್ತಿ ಸಿಗುತ್ತದೆ. ಇಷ್ಟು ಎಲ್ಲರಿಗೂ ಅರ್ಥವಾಗುವ ಮಾತು.

ಆದರೆ ಅದೇ ಹಾಲಿನಲ್ಲಿ ಇನ್ನೊಂದು ಬಗೆಯ ಸಕ್ಕರೆಯೂ ಇದೆ. ಲೀಟರಿಗೆ ಸುಮಾರು 5ರಿಂದ 15 ಗ್ರಾಂ. ನೀರನ್ನು ಬಿಟ್ಟು ಲೆಕ್ಕ ಹಾಕಿದರೆ, ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ತಾಯಿಹಾಲಿನಲ್ಲಿ ಹೆಚ್ಚಾಗಿರುವುದು ಇದೇ. ವಿಶೇಷವೆಂದರೆ, ಇದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಮಗುವಿಗೆ ಇಲ್ಲ. ಅತ್ಯಲ್ಪ ಭಾಗ ರಕ್ತಕ್ಕೆ ಸೇರುತ್ತದೆ, ಉಳಿದದ್ದೆಲ್ಲ ಹಾಗೆಯೇ ದೊಡ್ಡ ಕರುಳಿಗೆ ಹೋಗುತ್ತದೆ. ಹಾಗಾದರೆ ತಾಯಿಯ ದೇಹ ಇದನ್ನು ತಯಾರಿಸುವುದು ಯಾರಿಗಾಗಿ?

ಉತ್ತರ: ಮಗುವಿನ ಕರುಳಿನಲ್ಲಿ ವಾಸಿಸುವ ಒಂದು ಒಳ್ಳೆಯ ಬ್ಯಾಕ್ಟೀರಿಯಾಕ್ಕಾಗಿ.

ಗುಟ್ಟು ತಿಳಿದದ್ದು ಹೀಗೆ

1899ರ ಸುಮಾರಿಗೆ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಹೆನ್ರಿ ತಿಸ್ಸಿಯೇ ಎಂಬ ವೈದ್ಯರು ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಎರಡು ಕವಲಿನ ಒಂದು ಬ್ಯಾಕ್ಟೀರಿಯಾವನ್ನು ಕಂಡರು. ಅದನ್ನು ಈಗ ಬೈಫಿಡೊಬ್ಯಾಕ್ಟೀರಿಯಂ ಎನ್ನುತ್ತಾರೆ. ಎದೆಹಾಲು ಕುಡಿಯುವ ಮಕ್ಕಳಲ್ಲೇ ಇದು ಏಕೆ ಹೆಚ್ಚು ಎಂಬ ಪ್ರಶ್ನೆಗೆ ಅರ್ಧ ಶತಮಾನದ ನಂತರ ಉತ್ತರ ಸಿಗತೊಡಗಿತು. 1950ರ ದಶಕದಲ್ಲಿ ಪಾಲ್ ಗ್ಯೋರ್ಗಿ ಮತ್ತು ಅವರ ಜೊತೆಗಾರರು, ಈ ಬ್ಯಾಕ್ಟೀರಿಯಾವನ್ನು ಬೆಳೆಸುವ ಅಂಶ ಹಾಲಿನಲ್ಲಿರುವ ವಿಶೇಷ ಸಕ್ಕರೆಗಳೇ ಎಂದು ತೋರಿಸಿದರು. 2008ರಲ್ಲಿ ಬೈಫಿಡೊಬ್ಯಾಕ್ಟೀರಿಯಂನ 'ಇನ್ಫಾಂಟಿಸ್' ಎಂಬ ಪ್ರಭೇದದ ಸಂಪೂರ್ಣ ಜೀನ್ ವಿವರ ಪ್ರಕಟವಾಯಿತು. ಈ ಸಕ್ಕರೆಗಳನ್ನು ಒಳಗೆಳೆದು ಒಡೆಯಲು ಬೇಕಾದ ಜೀನ್‌ಗಳು ಅದರಲ್ಲಿ ಒಂದೇ ಕಡೆ ಸಾಲಾಗಿ ಜೋಡಿಸಿಟ್ಟಂತೆ ಇದ್ದವು.

ಐದು ಮಣಿಗಳ ಸರ

ಈ ಸಕ್ಕರೆಯನ್ನು ಒಂದು ಪುಟ್ಟ ಮಣಿಸರ ಎಂದು ಭಾವಿಸಿ. ಅದರಲ್ಲಿ ಬಳಕೆಯಾಗುವುದು ಐದೇ ಬಗೆಯ ಮಣಿ. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ನಮಗೆ ಪರಿಚಿತ. ಉಳಿದ ಮೂರು ನಮ್ಮ ಅಡುಗೆಮನೆಯ ಸಕ್ಕರೆ ಡಬ್ಬದಲ್ಲಿ ಸಿಗುವಂಥವಲ್ಲ: ಫ್ಯೂಕೋಸ್, ಸಿಯಾಲಿಕ್ ಆಮ್ಲ ಮತ್ತು ಎನ್-ಅಸಿಟೈಲ್ ಗ್ಲೂಕೋಸಮೈನ್. ಲ್ಯಾಕ್ಟೋಸ್ ಬುಡಕ್ಕೆ ಇವನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದಾಗ 150ಕ್ಕೂ ಹೆಚ್ಚು ವಿಧದ ಸರಗಳಾಗುತ್ತವೆ.

ಎರಡು ಮಣಿಗಳ ನಡುವಿನ ಗಂಟನ್ನು ಬಿಡಿಸಲು ಅದಕ್ಕೆಂದೇ ಇರುವ ಕಿಣ್ವ ಬೇಕು. ಬೀಗಕ್ಕೆ ತಕ್ಕ ಕೀಲಿ ಇದ್ದಂತೆ. ಮಗುವಿನ ಕರುಳಿನಲ್ಲಿ ಲ್ಯಾಕ್ಟೋಸ್ ಬೀಗದ ಕೀಲಿ ಇದೆ, ಈ ಸರಗಳ ಕೀಲಿ ಇಲ್ಲ. ಕರುಳಿನಲ್ಲಿ ರೋಗ ತರುವ ಹಲವು ಬ್ಯಾಕ್ಟೀರಿಯಾಗಳ ಬಳಿಯೂ ಪೂರ್ಣ ಕೀಲಿಗೊಂಚಲು ಇಲ್ಲ. ಇನ್ಫಾಂಟಿಸ್ ಬಳಿ ಇದೆ.

ಅದು ತಿನ್ನುವ ಬಗೆ

ಇನ್ಫಾಂಟಿಸ್ ಸರವನ್ನು ಹೊರಗೆ ತುಂಡರಿಸುವುದಿಲ್ಲ. ತನ್ನ ಹೊರಮೈಯಲ್ಲಿರುವ ಪ್ರೋಟೀನುಗಳಿಂದ ಅದನ್ನು ಹಿಡಿದು ಇಡಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಒಂದು ಕಿಣ್ವ ಫ್ಯೂಕೋಸನ್ನು ಬಿಡಿಸುತ್ತದೆ, ಇನ್ನೊಂದು ಸಿಯಾಲಿಕ್ ಆಮ್ಲವನ್ನು, ಮತ್ತೆರಡು ಉಳಿದ ಮಣಿಗಳನ್ನು. ಬಾಗಿಲು ಹಾಕಿಕೊಂಡು ಊಟ ಮಾಡಿದಂತೆ. ಹೊರಗೆ ಚೂರು ಬೀಳುವುದಿಲ್ಲ, ಬೇರೆ ಬ್ಯಾಕ್ಟೀರಿಯಾಗಳಿಗೆ ಪಾಲು ಸಿಗುವುದಿಲ್ಲ.

ಅದರ ಬಂಧು 'ಬೈಫಿಡಮ್' ಇದಕ್ಕೆ ವಿರುದ್ಧ. ಅದು ಸರವನ್ನು ಹೊರಗೇ ಕತ್ತರಿಸುತ್ತದೆ. ಫ್ಯೂಕೋಸ್, ಸಿಯಾಲಿಕ್ ಆಮ್ಲದ ಮಣಿಗಳನ್ನು ತಾನು ಬಳಸದೆ ಬಿಡುತ್ತದೆ. ಅವು ನೆರೆಹೊರೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ.

ಬಿಡಿಯಾದ ಮಣಿಗಳು ಮುಂದೇನಾಗುತ್ತವೆ? ಕೆಲವು ಬ್ಯಾಕ್ಟೀರಿಯಾದ ಮೈ ಕಟ್ಟಲು ಬೇಕಾದ ಇಂಗಾಲವಾಗುತ್ತವೆ. ಎನ್-ಅಸಿಟೈಲ್ ಗ್ಲೂಕೋಸಮೈನ್ ಮತ್ತು ಸಿಯಾಲಿಕ್ ಆಮ್ಲದಲ್ಲಿ ಸಾರಜನಕವೂ ಇರುವುದರಿಂದ ಅದೂ ಸಿಗುತ್ತದೆ. ಉಳಿದದ್ದು ಶಕ್ತಿಗಾಗಿ. ಇದರಲ್ಲಿಯೂ ಬೈಫಿಡೊಗಳದ್ದೇ ಬೇರೆ ದಾರಿ. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳು ಎರಡು ಗ್ಲೂಕೋಸ್ ಕಣಗಳಿಂದ ಎಟಿಪಿ ಎಂಬ ಶಕ್ತಿಯ ನಾಲ್ಕು ನಾಣ್ಯ ಗಳಿಸಿದರೆ, ಬೈಫಿಡೊಗಳು ಐದು ಗಳಿಸುತ್ತವೆ. ಹೊರಬೀಳುವುದು ಲ್ಯಾಕ್ಟಿಕ್ ಆಮ್ಲ, ಅಂದರೆ ಮೊಸರಿನ ಹುಳಿ, ಮತ್ತು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ.

ಮಗುವಿಗೆ ಇದರಿಂದ ಏನು ಲಾಭ?

ಲಾಭ ಈ ಹುಳಿಯಲ್ಲೇ ಇದೆ. ಇದರಿಂದ ಕರುಳು ಆಮ್ಲೀಯವಾಗುತ್ತದೆ. ಬೇಧಿ ತರುವ ಹಲವು ಬ್ಯಾಕ್ಟೀರಿಯಾಗಳಿಗೆ ಆ ವಾತಾವರಣದಲ್ಲಿ ಬೆಳೆಯುವುದು ಕಷ್ಟ. ಜಾಗವೂ ಆಹಾರವೂ ಮೊದಲೇ ಬೈಫಿಡೊಗಳ ಕೈಸೇರಿರುತ್ತವೆ. ಅಸಿಟಿಕ್ ಆಮ್ಲ ಕರುಳಿನ ಒಳಪದರವನ್ನೂ ಬಲಪಡಿಸುತ್ತದೆ.

ಈ ಸಕ್ಕರೆಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣುಗಳು ಕರುಳಿನ ಗೋಡೆಯ ಮೇಲಿರುವ ಫ್ಯೂಕೋಸ್ ಇರುವ ಸಕ್ಕರೆಗಳಿಗೆ ಅಂಟಿಕೊಳ್ಳುತ್ತವೆ. ಹಾಲಿನಲ್ಲಿ ಅದೇ ಆಕಾರದ ಸರಗಳು ತೇಲುತ್ತಿದ್ದರೆ ರೋಗಾಣು ಮೋಸಹೋಗಿ ಅವಕ್ಕೆ ಅಂಟಿಕೊಂಡು ಮಲದೊಂದಿಗೆ ಹೊರಹೋಗುತ್ತದೆ.

ಈಗ ಕೆಲವು ಡಬ್ಬದ ಹಾಲಿನ ಪುಡಿಗಳಿಗೆ ಇಂಥ ಒಂದೆರಡು ಸಕ್ಕರೆಗಳನ್ನು ತಯಾರಿಸಿ ಸೇರಿಸುತ್ತಾರೆ. ತಾಯಿಯ ಹಾಲಿನಲ್ಲಿರುವುದು ನೂರಕ್ಕೂ ಮಿಕ್ಕಿ.

ಮನೆಯಲ್ಲಿ ನೀವು ಗಮನಿಸಬೇಕಾದದ್ದು

*ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ.* ಈ ವಿಶೇಷ ಸಕ್ಕರೆ ಅತಿ ಹೆಚ್ಚು ಇರುವುದು ಆ ಗಟ್ಟಿ ಹಾಲಿನಲ್ಲೇ, ಲೀಟರಿಗೆ 20 ಗ್ರಾಂ ಅಥವಾ ಅದಕ್ಕೂ ಹೆಚ್ಚು. ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವಿಗೆ ಹಾಲೂಡಿಸಲು ಪ್ರಯತ್ನಿಸಿ.

*ಸಕ್ಕರೆ ನೀರು, ಕಲ್ಲುಸಕ್ಕರೆ ನೀರು, ಗುಟ್ಟಿ ಬೇಡ.* ತಾಯಿಹಾಲಿನ ಸರಗಳನ್ನು ತಿನ್ನಬಲ್ಲ ಬ್ಯಾಕ್ಟೀರಿಯಾ ಕೆಲವೇ. ಸಾಮಾನ್ಯ ಸಕ್ಕರೆಯನ್ನು ತಿನ್ನುವವು ಬಹಳ. ಜೊತೆಗೆ ನೀರು, ಚಮಚ, ಬಟ್ಟಲಿನ ಮೂಲಕ ರೋಗಾಣು ಸೇರುವ ಅಪಾಯವಿದೆ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ ಸಾಕು, ಬೇಸಿಗೆಯಲ್ಲೂ ನೀರು ಬೇಕಿಲ್ಲ.

*ಒಂದು ವರ್ಷ ತುಂಬುವವರೆಗೆ ಜೇನು ಕೊಡಬೇಡಿ.* ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಣ ಇರಬಹುದು. ದೊಡ್ಡವರಿಗೆ ಅದರಿಂದ ತೊಂದರೆಯಾಗುವುದಿಲ್ಲ. ಶಿಶುವಿನ ಕರುಳಿನಲ್ಲಿ ಅದು ಮೊಳೆತು ವಿಷ ಉಂಟುಮಾಡಬಲ್ಲದು. ತಹ್ನೀಕ್ ಮಾಡಿಸುವವರು ವೈದ್ಯರಿಗೆ ಮೊದಲೇ ತಿಳಿಸಿ. ಖರ್ಜೂರದ ಬದಲು ಜೇನು ಬಳಸಬೇಡಿ. ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಕೆಮ್ಮು, ಜ್ವರ, ಬಾಯಿಹುಣ್ಣು ಇರುವವರು ಈ ಕೆಲಸ ಮಾಡಬಾರದು.

*ತೆಳು ಮಲ ಕಂಡು ಗಾಬರಿಯಾಗಬೇಡಿ.* ಎದೆಹಾಲು ಕುಡಿಯುವ ಮಗುವಿನ ಮಲ ಸಾಸಿವೆ ಬಣ್ಣದ್ದು, ತೆಳು, ತುಸು ಹುಳಿ ವಾಸನೆಯದ್ದು. ಇದನ್ನು ಬೇಧಿ ಎಂದುಕೊಂಡು 'ಹಾಲು ಹಿಡಿಸುತ್ತಿಲ್ಲ, ನಿಲ್ಲಿಸು' ಎಂದು ಹಿರಿಯರು ಹೇಳುವುದುಂಟು. ಆ ಹುಳಿ ವಾಸನೆ ಒಳ್ಳೆಯ ಬ್ಯಾಕ್ಟೀರಿಯಾದ ಕೆಲಸದ ಗುರುತು. ಆದರೆ ಮಲ ನೀರಿನಂತೆ ಮತ್ತೆ ಮತ್ತೆ ಹೋಗುತ್ತಿದ್ದರೆ, ರಕ್ತ ಕಂಡರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಮಗು ಹಾಲು ಕುಡಿಯದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಬೇಧಿಯಾದಾಗಲೂ ಎದೆಹಾಲು ನಿಲ್ಲಿಸಬಾರದು.

*ವೈದ್ಯರು ಬರೆದುಕೊಡದ ಆಂಟಿಬಯೋಟಿಕ್ ಬೇಡ.* ಅದು ಕೆಟ್ಟ ಬ್ಯಾಕ್ಟೀರಿಯಾದ ಜೊತೆ ಒಳ್ಳೆಯದನ್ನೂ ಕೊಲ್ಲುತ್ತದೆ. ಹಾಗೆಯೇ ಪ್ರೋಬಯೋಟಿಕ್ ಹನಿಗಳನ್ನೂ ನೀವಾಗಿಯೇ ಕೊಡಬೇಡಿ. ದಿನ ತುಂಬದೆ ಹುಟ್ಟಿದ ಮಕ್ಕಳ ವಿಷಯದಲ್ಲಂತೂ ಆ ನಿರ್ಧಾರ ವೈದ್ಯರದ್ದೇ.

ಆರು ತಿಂಗಳ ನಂತರ ಮೇಲಾಹಾರ ಶುರುಮಾಡಿ, ಎದೆಹಾಲನ್ನೂ ಮುಂದುವರಿಸಿ. ಎರಡು ವರ್ಷ ಮತ್ತು ಅದಕ್ಕೂ ಮೀರಿ ಕೊಡಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೂರ್ಣ ಎರಡು ವರ್ಷ ಹಾಲೂಡಿಸುವ ವಿಷಯ ಪವಿತ್ರ ಕುರ್‌ಆನ್‌ನಲ್ಲೂ ಇದೆ. ಅನಾರೋಗ್ಯದಿಂದಲೋ ಬೇರೆ ಕಾರಣದಿಂದಲೋ ಹಾಲೂಡಿಸಲು ಆಗದ ತಾಯಿಯನ್ನು ಯಾರೂ ದೂರಬಾರದು. ಅಂಥ ಮಗುವಿಗೆ ಏನು ಕೊಡಬೇಕೆಂದು ಮಕ್ಕಳ ವೈದ್ಯರನ್ನು ಕೇಳಿ. ಹಾಲೂಡಿಸಲು ಸಾಧ್ಯವಿರುವ ತಾಯಿಗೆ ಮಾತ್ರ ಮನೆಯವರು ಹೊತ್ತಿಗೆ ಊಟ, ಒಂದಷ್ಟು ನಿದ್ದೆ ಮತ್ತು ಧೈರ್ಯ ಕೊಡಬೇಕು. ಅವಳು ಊಡಿಸುವ ಹಾಲು ಮಗುವಿನ ಹೊಟ್ಟೆ ತುಂಬಿಸುವುದರ ಜೊತೆಗೆ ಆ ಹೊಟ್ಟೆಯನ್ನು ಕಾಯುವ ಬ್ಯಾಕ್ಟೀರಿಯಾಗಳನ್ನೂ ಸಾಕುತ್ತದೆ.