ನೋಂದಣಿ ಪತ್ರವೋ, ಪೌರತ್ವವೋ?

ಇಂದೂರದಿಂದ ಮುಂಡಗೋಡದ ಸಂತೆಗೆ ಹೋಗಿಬರುವವರಿಗೆಲ್ಲ ಟಿಬೇಟಿಯನ್ನರ ಪರಿಚಯವುಂಟು. 1966ರಲ್ಲಿ ಈ ತಾಲೂಕಿನಲ್ಲಿ ಅವರ ವಸತಿಯು ಸ್ಥಾಪಿತವಾಯಿತು. ಇಲ್ಲಿಯೇ ಹುಟ್ಟಿ ಬೆಳೆದ ಟಿಬೇಟೀ ತರುಣನು ಉದ್ಯೋಗಕ್ಕೆ ಹೊರಡುವಾಗ ಯಾವ ಕಾಗದವನ್ನು ನೆಚ್ಚಬೇಕು?

ಮೊದಲನೆಯದು, ವಿದೇಶೀಯನೆಂದು ಪಡೆದ ನೋಂದಣಿ ಪತ್ರ. ಇದರ ಬಲದಿಂದ ಇಲ್ಲಿ ವಾಸಿಸಬಹುದು. ಖಾಸಗಿ ಕೆಲಸ, ಚಳಿಗಾಲದ ಸ್ವೆಟರ್ ವ್ಯಾಪಾರ ಮಾಡಬಹುದು. ಆದರೆ ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು, ಮತದಾನವಿಲ್ಲ, ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರವೇ ಗತಿ.

ಎರಡನೆಯದು ಪೌರತ್ವ. 1955ರ ಪೌರತ್ವ ಕಾಯಿದೆಯಂತೆ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅನಂತರ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಾಯಿ ಇಲ್ಲವೆ ತಂದೆ ಪೌರರಾಗಿದ್ದರೆ ಸಾಕು. ಹುಟ್ಟಿನ ಈ ಹಕ್ಕು ಟಿಬೇಟಿಯನ್ನರಿಗೂ ಸಲ್ಲುವುದೆಂದು 2010ರಲ್ಲಿ ದೆಹಲಿಯ, 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಗಳು ತೀರ್ಪಿತ್ತವು.

ಹಾಗಾದರೆ ತಡವೇಕೆ? ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ನೋಂದಣಿ ಪತ್ರವನ್ನು ಒಪ್ಪಿಸಿದರೆ ತಾಯ್ನಾಡಿನ ಆಸೆಯನ್ನೇ ಬಿಟ್ಟಂತೆಂದು ಕೆಲವು ಹಿರಿಯರ ಭಾವನೆ. ಹೊಟ್ಟೆಯ ಪಾಡನ್ನೂ ನಾಡಿನ ನೆನಪನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದ ಸಂದರ್ಭವಿದು. ಆ ತೂಕವನ್ನು ಅವನ ಪರವಾಗಿ ಬೇರೆಯವರು ಮಾಡಲಾರರು. ತೂಗುವ ಮುನ್ನ ತನ್ನ ಮತ್ತು ತಾಯಿತಂದೆಯರ ಜನನ ದಾಖಲೆಗಳನ್ನು ಹುಡುಕಿಟ್ಟುಕೊಳ್ಳುವುದು ಲೇಸು. ಯಾವ ದಾರಿ ತನಗೆ ತೆರೆದಿದೆಯೆಂಬುದನ್ನು ಮೊದಲು ಹೇಳುವುವು ಆ ತಾರೀಖುಗಳೇ.