ಹೊಳೆ ದಾಟುವ ಎತ್ತು

ಕೆಂಪು ಎತ್ತೊಂದು ಹೊಳೆ ದಾಟುತ್ತಿದೆ. ಕಾಲಡಿಯಲ್ಲಿ ನೀಲಿ, ಬಿಳಿ ಅಲೆಗಳು. ಹಳೆಯ ಮಾರಿಸ್ ಕಾರಿನ ಮೂತಿಯ ಮೇಲೆ ಇರುತ್ತಿದ್ದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಿಲ್ಲೆ ಇದು. ಆಕ್ಸ್ ಅಂದರೆ ಎತ್ತು, ಫೋರ್ಡ್ ಅಂದರೆ ನಡೆದೇ ಹೊಳೆ ದಾಟಬಹುದಾದ ಜಾಗ. ವಿಲಿಯಂ ಮಾರಿಸ್ ತನ್ನ ಕಾರಿನ ಕಾರ್ಖಾನೆ ಕಟ್ಟಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಊರಿನ ಲಾಂಛನವೇ ಕಾರಿನ ಲಾಂಛನವೂ ಆಯಿತು. ನಮ್ಮ ಅಂಬಾಸಿಡರ್ ಕೂಡ ಇದೇ ಮನೆತನದ ಕೂಸು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ ಬಂದ ಅದನ್ನು ಹಿಂದೂಸ್ತಾನ್ ಮೋಟರ್ಸ್ 2014ರವರೆಗೆ ತಯಾರಿಸಿತು.

ಅಂಥದೊಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ಎತ್ತಿನ ಬೆನ್ನಿನ ಮೇಲೆ ಜೋಳದ ಕಾಳಿನಷ್ಟು ಚೂರು ಎದ್ದುಹೋಗಿತ್ತು. ಆ ಗುಳಿಯಲ್ಲಿ ಲೋಹ ಇಣುಕುತ್ತಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಅಲ್ಲಿಂದ ಕೂದಲೆಳೆಯಂಥ ಬಿರುಕೊಂದು ಅಲೆಗಳವರೆಗೆ ಇಳಿದಿತ್ತು. ಉಳಿದ ಬಣ್ಣ ಮಾತ್ರ ನಿನ್ನೆ ಹಾಕಿದಂತಿತ್ತು. ಎಷ್ಟೋ ದಶಕಗಳ ಮಳೆ ಬಿಸಿಲಿಗೂ ಆ ಕೆಂಪು ಕಂದಿರಲಿಲ್ಲ.

ಕಂದದಿರಲು ಕಾರಣ, ಅದು ಬಣ್ಣವೇ ಅಲ್ಲ, ಗಾಜು. ಎನಾಮಲ್ ಎನ್ನುವುದು ಇದನ್ನೇ; ಜೈಪುರದ ಒಡವೆಗಳ ಮೇಲಿನ ಮೀನಾಕಾರಿಯೂ ಇದೇ ಕುಲದ ಕೆಲಸ. ಇಂಗ್ಲೆಂಡಿನ ಕಾರುಗಳ ಎಷ್ಟೋ ಬಿಲ್ಲೆಗಳು ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನ ಅಕ್ಕಸಾಲಿಗರ ಕೇರಿಯಲ್ಲಿ. ತಾಮ್ರದ ಅಂಶ ಹೆಚ್ಚಿರುವ ತಗಡಿನ ಮೇಲೆ ಉಕ್ಕಿನ ಅಚ್ಚು ಒತ್ತಿದರೆ ಚಿತ್ರದ ಗೆರೆಗಳು ಬದುವಿನಂತೆ ಏಳುತ್ತವೆ, ನಡುವೆ ಪುಟ್ಟ ಪುಟ್ಟ ಗದ್ದೆಗಳಾಗುತ್ತವೆ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಆ ಒದ್ದೆ ಪುಡಿಯನ್ನು ಗದ್ದೆಗಳಿಗೆ ತುಂಬುತ್ತಾರೆ. ತೇವ ಆರಿದ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಗೆ ಇಡುತ್ತಾರೆ. ಕೆಲವೇ ನಿಮಿಷ. ಸಕ್ಕರೆಯಂತಿದ್ದ ಪುಡಿ ಕರಗಿ, ಹೊಳೆದು, ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಕರಗಿದಾಗ ಮಟ್ಟ ಇಳಿಯುವುದರಿಂದ ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ಬದುವಿನ ಸಮಕ್ಕೆ ಬಂದ ಮೇಲೆ ನೀರು ಹಾಕಿಕೊಂಡು ಕಲ್ಲಿನಿಂದ ಉಜ್ಜಬೇಕು. ಉಜ್ಜಿದಾಗ ಮಂಕಾದ ಗಾಜಿಗೆ ಕೊನೆಯ ಸಲ ಕುಲುಮೆಯ ಶಾಖ ತೋರಿಸಿದರೆ ಹೊಳಪು ಮರಳುತ್ತದೆ.

ಹೊಸದನ್ನು ಮಾಡುವುದೇ ಇಷ್ಟು ಕಷ್ಟವಾದರೆ ಹಳೆಯದನ್ನು ಸರಿಪಡಿಸುವುದು ಇನ್ನೂ ಕಷ್ಟ. ಕ್ರೋಮ್ ಲೇಪವಿರುವ ಬಿಲ್ಲೆಯನ್ನು ಹಾಗೇ ಕುಲುಮೆಗೆ ಇಡುವಂತಿಲ್ಲ, ಮೊದಲು ಲೇಪ ತೆಗೆಯಬೇಕು. ಹಿಂಬದಿಯ ಮೊಳೆಗಳನ್ನು ಸೀಸ, ತವರದ ಬೆಸುಗೆಯಲ್ಲಿ ಕೂರಿಸಿದ್ದರೆ ಆ ಶಾಖಕ್ಕೆ ಕಳಚಿ ಬೀಳುತ್ತವೆ, ಬೆಳ್ಳಿಯ ಬೆಸುಗೆ ಹಾಕಬೇಕು. ಹಳೆಯ ಗಾಜಿನೊಳಗೆ ಸೇರಿದ ಕೊಳೆ ಬಿಸಿಗೆ ಗುಳ್ಳೆಯಾಗಿ ಏಳುತ್ತದೆ. ಕೆಂಪಂತೂ ಬಲು ಸೂಕ್ಷ್ಮ. ಶಾಖ ಸ್ವಲ್ಪ ಮೀರಿದರೂ ಕಪ್ಪಿಗೆ ತಿರುಗುತ್ತದೆ. ಹಾಗಾಗಿ ಪೂರ್ತಿ ಹಾಳಾದ ಬಿಲ್ಲೆಯ ಹಳೆಯ ಗಾಜನ್ನೆಲ್ಲ ತೆಗೆದು ಹೊಸದಾಗಿ ತುಂಬುವುದೇ ವಾಡಿಕೆ.

ಆದರೆ ಜೋಳದ ಕಾಳಿನಷ್ಟು ಗಾಯಕ್ಕೆ ಕುಲುಮೆ ಬೇಕೇ? ಬೇಡ ಎನ್ನುವವನು ನಾನು. ಬಣ್ಣ ಕಲಸಿದ ಎಪಾಕ್ಸಿ ರೆಸಿನ್ ಅನ್ನು ಸೂಜಿ ಮೊನೆಯಿಂದ ಆ ಗುಳಿಗಷ್ಟೇ ತುಂಬಬಹುದು. ಗಾಜಿನಷ್ಟು ಗಟ್ಟಿಯಲ್ಲ ನಿಜ, ಬಿಸಿಲಿಗೆ ವರ್ಷಗಳಲ್ಲಿ ಬಣ್ಣ ತಿರುಗುವುದೂ ನಿಜ. ಆದರೆ ಬೇಡವೆಂದಾಗ ತೆಗೆಯಬಹುದು. ಸುತ್ತಲಿನ ಮೂಲ ಗಾಜಿಗೆ ಏನೂ ಆಗುವುದಿಲ್ಲ.

ಲಾಂಛನಗಳೆಲ್ಲ ಗಾಜಿನವೂ ಅಲ್ಲ. ಕಾರಿನ ಹೆಸರನ್ನು ಕೂಡಕ್ಷರದಲ್ಲಿ ಬರೆದಂತಿರುವ ಪಟ್ಟಿಗಳು ಬಹುಮಟ್ಟಿಗೆ ಸತುವಿನ ಎರಕ. ಕ್ರೋಮ್ ಲೇಪದಡಿಗೆ ತೇವ ನುಗ್ಗಿತೆಂದರೆ ಸತು ಒಳಗೊಳಗೇ ಸವೆದು ಮೇಲೆಲ್ಲ ಸಿಡುಬಿನಂಥ ಗುಳ್ಳೆ ಏಳುತ್ತದೆ. ಪ್ರತಿ ಗುಳಿಯನ್ನೂ ಕೆರೆದು, ತಾಮ್ರದ ಲೇಪ ಕೊಟ್ಟು, ಬೆಸುಗೆಯಿಂದ ತುಂಬಿ, ಅರದಿಂದ ತೀಡಿ, ಮತ್ತೆ ತಾಮ್ರ, ಆಮೇಲೆ ನಿಕಲ್, ಕಡೆಗೆ ಕ್ರೋಮ್. ಬಫಿಂಗ್ ಚಕ್ರಕ್ಕೆ ಆತುರದಿಂದ ಕೊಟ್ಟರೆ ಗುಳಿಯ ಜೊತೆ ಅಕ್ಷರದ ಅಂಚೂ ಸವೆದುಹೋಗುತ್ತದೆ. 1950ರ ದಶಕದ ಅಮೆರಿಕದ ಕಾರುಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್‌ನ ಹಿಂಬದಿಗೆ ಬಣ್ಣ ಬಳಿದ ಲಾಂಛನಗಳಿವೆ. ಬಿಸಿಲಿಗೆ ಆ ಪ್ಲಾಸ್ಟಿಕ್ಕೇ ಒಡೆದರೆ ಉಳಿಸುವುದು ದುಸ್ತರ.

ಕೈಚಳಕದಷ್ಟೇ ಇತಿಹಾಸವೂ ಗೊತ್ತಿರಬೇಕಾದ ಕೆಲಸ ಇದು. ಅಲ್ಫಾ ರೋಮಿಯೊ ಲಾಂಛನವನ್ನೇ ನೋಡಿ. ಮಿಲಾನ್ ನಗರದ ಕೆಂಪು ಶಿಲುಬೆ, ವಿಸ್ಕೊಂಟಿ ಮನೆತನದ ಹಾವು. 1925ರ ವಿಶ್ವ ಚಾಂಪಿಯನ್ ಪಟ್ಟದ ನೆನಪಿಗೆ ಸುತ್ತ ಎಲೆಗಳ ಮಾಲೆ ಬಂತು. ಎರಡನೇ ಮಹಾಯುದ್ಧ ಮುಗಿದಾಗ ಬಿಲ್ಲೆ ಮಾಡುವ ಹಿಂದಿನ ಯಂತ್ರಗಳು ಹಾಳಾಗಿದ್ದರಿಂದ ಕೆಲವು ವರ್ಷ ಬರಿಯ ಕೆಂಪು ನೆಲದ ಮೇಲೆ ಲೋಹದ ಗೆರೆಗಳಷ್ಟೇ ಉಳಿದವು. 1970ರ ದಶಕದಲ್ಲಿ, ನೇಪಲ್ಸ್ ಬಳಿ ಹೊಸ ಕಾರ್ಖಾನೆ ತೆರೆದ ಮೇಲೆ, ಲಾಂಛನದಲ್ಲಿದ್ದ ‘ಮಿಲಾನೊ’ ಎಂಬ ಅಕ್ಷರಗಳು ಹೋದವು. ಯುದ್ಧ ಮುಗಿದ ಹೊಸತರ ಕಾರಿಗೆ ಚೆಂದದ ಬಣ್ಣ ಬಣ್ಣದ ಬಿಲ್ಲೆ ಹಾಕಿದರೆ, ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ತಪ್ಪು. ಹಾಗೆಯೇ 1920ರ ದಶಕದ ಮೊದಲ ಭಾಗದ ಕಾರುಗಳ ಹೊಳಪು ನಿಕಲ್‌ನದು. ಅದರಲ್ಲೊಂದು ನಸು ಹಳದಿ ಛಾಯೆ ಇರುತ್ತದೆ. ಅದರ ಮೇಲೆ ನೀಲಿ ಮಿಂಚಿನ ಕ್ರೋಮ್ ಹೊಡೆಸಿದವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ.

ಇನ್ನು ರೋಲ್ಸ್-ರಾಯ್ಸ್ ಕಾರಿನ ಮುಂದೆ ತೋಳು ಹಿಂದಕ್ಕೆ ಚಾಚಿ, ಗಾಳಿಗೆ ಮೈಯೊಡ್ಡಿ ನಿಂತ ಹೆಣ್ಣು, ‘ಸ್ಪಿರಿಟ್ ಆಫ್ ಎಕ್ಸ್‌ಟಸಿ’. 1911ರಲ್ಲಿ ಚಾರ್ಲ್ಸ್ ಸೈಕ್ಸ್ ಎಂಬ ಶಿಲ್ಪಿ ಕೊಟ್ಟ ರೂಪ. ರೂಪದರ್ಶಿ ಎಲಿನಾರ್ ಥಾರ್ನ್‌ಟನ್ ಎಂಬ ನಂಬಿಕೆಯಿದೆ. ಆಕೆ 1915ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಹೊರಟಿದ್ದ ‘ಪರ್ಷಿಯಾ’ ಹಡಗಿನಲ್ಲಿದ್ದಳು. ಮೆಡಿಟರೇನಿಯನ್ ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿ ಹಾರಿಸಿದ ಟಾರ್ಪಿಡೊಗೆ ಹಡಗು ಮುಳುಗಿತು, ಆಕೆ ಮರಳಲಿಲ್ಲ. ಪ್ರತಿಮೆಗಳನ್ನು ಮೇಣದ ಅಚ್ಚಿನಿಂದ ಎರಕ ಹೊಯ್ಯುತ್ತಿದ್ದರು. ಮೇಣದ ಗೊಂಬೆಗೆ ಮಣ್ಣಿನಂಥ ಕವಚ ಮೆತ್ತಿ, ಕಾಸಿ, ಮೇಣ ಕರಗಿ ಹರಿದ ಜಾಗಕ್ಕೆ ಲೋಹ ಸುರಿಯುವ ಕ್ರಮ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ವಿಗ್ರಹಗಳಿಗಾಗಿ ವಿವರಿಸಿರುವುದೂ ಇದೇ ವಿಧಾನವನ್ನು. ಕವಚ ಒಡೆದೇ ಪ್ರತಿಮೆ ತೆಗೆಯಬೇಕಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಆಮೇಲೆ ಸೈಕ್ಸ್, ಮುಂದೆ ಆತನ ಮಗಳು, ಒಂದೊಂದನ್ನೂ ಕೈಯಾರೆ ತಿದ್ದುತ್ತಿದ್ದರು. ಅಂಥ ಮುಖವನ್ನು ಅತಿಯಾಗಿ ಪಾಲಿಶ್ ಮಾಡಿ ಕಣ್ಣು, ತುಟಿಯ ಗೆರೆ ಅಳಿಸಿದರೆ ಅದನ್ನು ಮರಳಿ ತರಲು ಯಾರಿಂದಲೂ ಆಗದು.

ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋದಾಗ ಪ್ರತಿ ಕಾರಿನ ಮೂತಿಯ ಮುಂದೆ ಒಂದು ನಿಮಿಷ ನಿಂತು, ಬಿಲ್ಲೆಯನ್ನೂ ನೋಡಿ. ನಿಮ್ಮ ಮನೆಯ ಹಿತ್ತಲಲ್ಲಿ ಅಜ್ಜನ ಕಾಲದ ಕಾರು ನಿಂತಿದ್ದರೆ ಅದರ ಲಾಂಛನಕ್ಕೆ ಹುಣಸೆಹಣ್ಣು, ಬ್ರಾಸೊ ಹಾಕಿ ಉಜ್ಜಬೇಡಿ. ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಾರು ಗುಜರಿಗೇ ಹೋಗುವುದಾದರೆ, ಬಿಲ್ಲೆಯನ್ನು ಹಿಂಬದಿಯ ನಟ್ಟು ಸಡಿಲಿಸಿ ಬಿಚ್ಚಿ; ಮುಂದಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಉದುರಿದ ಗಾಜಿನ ಚೂರು ಸಿಕ್ಕರೆ ಅದನ್ನೂ ಜೊತೆಗೆ ಕಾಗದದಲ್ಲಿ ಸುತ್ತಿಡಿ. ಬಣ್ಣ ಹೊಂದಿಸುವವರಿಗೆ ಆ ಚೂರೇ ಆಧಾರ.